ಹಳೆಯ ರಾಕ್ ಅಂಡ್ ರೋಲ್ ಹಾಡುಗಳನ್ನು ಊರು-ಹೆಸರಿನೊಂದಿಗೆ ಹಂಚೋಣ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಈಚೆಗೆ ಪ್ರಕಟವಾದ ಪತ್ರವೊಂದರಲ್ಲಿ, ಬಳ್ಳಾರಿಯ ನಿವೃತ್ತರೂ ಕಾಲೇಜು ಹುಡುಗರೂ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಹೊತ್ತುಗೊತ್ತಿಲ್ಲದೆ ಅಮೆರಿಕದ ಹಳೆಯ ರಾಕ್ ಅಂಡ್ ರೋಲ್ ಹಾಡುಗಳನ್ನೂ ಅಂತರ್ಜಾಲದಲ್ಲಿ ಸಿಕ್ಕ ಚಿತ್ರವಿಚಿತ್ರ ತುಣುಕುಗಳನ್ನೂ ಹಂಚಿಕೊಳ್ಳುವುದು ಬರೀ ಕಾಲಹರಣವೆಂದೂ, ಈ ನೆಲಕ್ಕೂ ಆ ಸಂಗೀತಕ್ಕೂ ಯಾವ ನಂಟೂ ಇಲ್ಲವೆಂದೂ ಬರೆಯಲಾಗಿತ್ತು. ಅಂಥ ಬಳಗವೊಂದರಲ್ಲಿ ನಾನೂ ಇದ್ದೇನೆ. ನಂಟಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಆದರೆ ಹಂಚುವ ರೀತಿಯ ವಿಷಯಕ್ಕೆ ಬಂದರೆ ಆ ಪತ್ರ ಬರೆದವರಿಗಿಂತ ನನ್ನ ತಕರಾರೇ ದೊಡ್ಡದು. ಹಾಡು ಬರುತ್ತದೆ, ಹಾಡಿದವರ ಹೆಸರು ಬರುವುದಿಲ್ಲ. ಚಿತ್ರ ಬರುತ್ತದೆ, ಅದು ಯಾವ ಊರಿನದು, ಯಾವ ವರ್ಷದ್ದು ಎಂಬುದು ಬರುವುದಿಲ್ಲ. ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಕ್ರಮಾಂಕ ಬರೆಯುತ್ತಲೇ ನೌಕರಿ ಮುಗಿಸಿದ ನನ್ನಂಥವನಿಗೆ ಇದು ಸಹಿಸಲಾಗದ ಸಂಗತಿ.

ಮೊದಲು ನಂಟಿನ ಮಾತು. ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗುವ ಎಲ್‌ಪಿ ಮತ್ತು ನಲವತ್ತೈದು ಸುತ್ತಿನ ಸಣ್ಣ ಪ್ಲೇಟುಗಳು 1948 ಮತ್ತು 1949ರಲ್ಲಿ ಬರುವ ತನಕ ಜಗತ್ತಿನ ಗ್ರಾಮಾಫೋನ್ ಪ್ಲೇಟುಗಳೆಲ್ಲ ಬಹುತೇಕ ಅರಗಿನವು. ಆ ಅರಗಿನ ದೊಡ್ಡ ಪಾಲು ಹೋಗುತ್ತಿದ್ದುದು ನಮ್ಮ ದೇಶದಿಂದ, ಛೋಟಾ ನಾಗಪುರದ ಕಡೆಯ ಮುತ್ತುಗ, ಬಾರಿ ಗಿಡಗಳ ಮೇಲೆ ಕೂರುವ ಹುಳುವಿನಿಂದ. ಎರಡನೆಯ ಮಹಾಯುದ್ಧದಲ್ಲಿ ಆ ಸರಬರಾಜಿಗೆ ತೊಡಕಾದಾಗ ಅಮೆರಿಕದ ಪ್ಲೇಟು ಕಂಪನಿಗಳು ಹಳೆಯ ಪ್ಲೇಟುಗಳನ್ನು ವಾಪಸ್ ಪಡೆದು ಕರಗಿಸುವ ಪರಿಸ್ಥಿತಿ ಬಂದಿತ್ತು. ರಾಕ್ ಅಂಡ್ ರೋಲ್ ಹುಟ್ಟಿದ ಮೊದಲ ವರ್ಷಗಳ ಎಷ್ಟೋ ಹಾಡುಗಳು ಈ ಅರಗಿನ ಮೇಲೆಯೇ ಗೆರೆಯಾಗಿ ಮೂಡಿದವು. ಮಹಾಭಾರತದ ಅರಗಿನ ಮನೆಯ ಕಥೆಯನ್ನು ಬಾಯಿಪಾಠ ಹೇಳುವ ನಮ್ಮವರಿಗೆ ಅರಗಿನ ಈ ಎರಡನೆಯ ಕಥೆಯೂ ಗೊತ್ತಿದ್ದರೆ ಚೆನ್ನ.

ಹಾಡುಗಳು ಇಲ್ಲಿಗೆ ಬಂದ ದಾರಿಯೂ ಗುಟ್ಟಿನದೇನಲ್ಲ. 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟಾಗ ಜನರ ರೇಡಿಯೋ ಮುಳ್ಳು ಸಿಲೋನ್ ಕಡೆಗೆ ತಿರುಗಿತು. ಸಿಲೋನಿನಲ್ಲಿ ಹಿಂದಿಯ ಜೊತೆಗೆ ಇಂಗ್ಲಿಷ್ ಹಾಡುಗಳೂ ಬರುತ್ತಿದ್ದವು. 1957ರ ಹೊತ್ತಿಗೆ ಸಿ. ರಾಮಚಂದ್ರ ಅವರು ಹಿಂದಿ ಸಿನಿಮಾದಲ್ಲಿ ‘ಈನಾ ಮೀನಾ ಡೀಕಾ’ ಮೂಲಕ ಆ ಲಯವನ್ನೇ ಕುಣಿಸಿಬಿಟ್ಟಿದ್ದರು. ನಮ್ಮ ಸೀಮೆಯಲ್ಲಿ ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವರು ಮೈಕ್‌ಸೆಟ್ಟಿನವರು. ಸಿರುಗುಪ್ಪ, ಸಂಡೂರು, ಕುರುಗೋಡು ಕಡೆಯ ಮದುವೆಗಳಲ್ಲಿ ಬೇವಿನ ಮರಕ್ಕೆ ಕಟ್ಟಿದ ತುತ್ತೂರಿಯಿಂದ ಬೆಳಗ್ಗೆ ದೇವರ ನಾಮ, ಊಟದ ಹೊತ್ತಿಗೆ ಡಾ. ರಾಜ್‌ಕುಮಾರ್, ಬೀಗರು ಹೊರಡುವ ಹೊತ್ತಿಗೆ ಇಂಥ ಕುಣಿತದ ಹಾಡು. ಜಾತ್ರೆಗಳಲ್ಲಿ ನಡೆಯುತ್ತಿದ್ದ ರೆಕಾರ್ಡ್ ಡ್ಯಾನ್ಸಿನ ಬಗ್ಗೆ ಹಿರಿಯರು ಮೂಗು ಮುರಿಯುತ್ತಿದ್ದರು, ಮುರಿಯುತ್ತಲೇ ಹಿಂದಿನ ಸಾಲಿನಲ್ಲಿ ನಿಂತು ನೋಡುತ್ತಿದ್ದರು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ನನ್ನ ಬಳಿ ಇರುವ ಒಂದು ಪ್ಲೇಟಿನ ವಿವರ ಕೊಡುವುದರಿಂದ ನನ್ನ ತಕರಾರು ಸ್ಪಷ್ಟವಾಗಬಹುದು. ಕೌಲ್ ಬಜಾರಿನ ಗುಜರಿ ಅಂಗಡಿಯಲ್ಲಿ ಹಿತ್ತಾಳೆ ಕೊಡಗಳ ಅಡಿಯಲ್ಲಿ ಸಿಕ್ಕ ಈ ಪ್ಲೇಟು ಬಿಲ್ ಹೇಲಿ ಮತ್ತು ಅವರ ತಂಡದ ‘ರಾಕ್ ಅರೌಂಡ್ ದ ಕ್ಲಾಕ್’. ನಡುವಿನ ಕಾಗದದ ಮೇಲೆ ಯಾವುದೋ ರೈಲ್ವೆ ಇನ್‌ಸ್ಟಿಟ್ಯೂಟಿನ ದುಂಡು ಮೊಹರು ಇದೆ. ಊರಿನ ಹೆಸರು ಅಳಿಸಿದೆ, ಶಾಯಿಯಲ್ಲಿ ಬರೆದ ಸಂಖ್ಯೆ ಮಾತ್ರ ಉಳಿದಿದೆ. ಗುಂತಕಲ್ ಇಲ್ಲಿಂದ ದೂರವಿಲ್ಲವಾದ್ದರಿಂದ ಅಲ್ಲಿನ ರೈಲ್ವೆ ಕಾಲೊನಿಯಿಂದಲೇ ಬಂದಿರಬೇಕೆಂದು ನನ್ನ ಊಹೆ. ಅಂಚಿನ ಹತ್ತಿರ ಬೆಳಕಿಗೆ ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಸೀಳು ಕಾಣುತ್ತದೆ, ಪ್ರತಿ ಸುತ್ತಿಗೂ ‘ಟಿಕ್’ ಎನ್ನುತ್ತದೆ. ಈ ಹಾಡು ಧ್ವನಿಮುದ್ರಣವಾದದ್ದು 1954ರ ಏಪ್ರಿಲ್ 12ರಂದು, ನ್ಯೂಯಾರ್ಕಿನಲ್ಲಿ. ಪ್ಲೇಟಿನ ಹಿಂಬದಿಯ ಹಾಡಾಗಿ ಹೊರಬಂದ ಇದಕ್ಕೆ ಮೊದಲ ವರ್ಷ ಹೇಳಿಕೊಳ್ಳುವಂಥ ಗಿರಾಕಿ ಇರಲಿಲ್ಲ. 1955ರಲ್ಲಿ ಸಿನಿಮಾವೊಂದರ ಆರಂಭಕ್ಕೆ ಬಳಸಿದ ಮೇಲೆ ಮನೆಮಾತಾಯಿತು. ಹಾಡಿನ ನಡುವೆ ಮಿಂಚಿನಂತೆ ಬಂದು ಹೋಗುವ ಗಿಟಾರನ್ನು ನುಡಿಸಿದವರು ಡ್ಯಾನಿ ಸೆಡ್ರೋನ್. ಧ್ವನಿಮುದ್ರಣದ ದಿನ ಅವರಿಗೆ ಸಿಕ್ಕ ಸಂಬಳ 21 ಡಾಲರ್. 1954ರ ಜೂನ್‌ನಲ್ಲಿ ಅವರು ಮೆಟ್ಟಿಲಿನಿಂದ ಬಿದ್ದು ತೀರಿಕೊಂಡರು. ತಾವು ನುಡಿಸಿದ್ದನ್ನು ಜಗತ್ತು ಕೇಳಿ ಕುಣಿದದ್ದನ್ನು ಅವರು ನೋಡಲಿಲ್ಲ. ಪ್ಲೇಟಿನ ಮೇಲೆ ಅವರ ಹೆಸರಿಲ್ಲ. ನಮ್ಮ ಬಳಗದಲ್ಲಿ ಈ ಹಾಡು ತಿರುಗಿದ್ದು ‘ಎಲ್ವಿಸ್ ಪ್ರೀಸ್ಲಿಯ ಸೂಪರ್ ಹಿಟ್’ ಎಂಬ ಹಣೆಪಟ್ಟಿಯೊಂದಿಗೆ, ಸೆಡ್ರೋನ್ ಅವರ ಗಿಟಾರ್ ಬರುವ ಭಾಗವನ್ನೇ ಕತ್ತರಿಸಿ!

ಆ ಕಾಲದ ಜನಪ್ರಿಯ ಬಿಳಿಯ ಗಾಯಕ ಎಲ್ವಿಸ್ ಹೆಸರಿಗೆ ಎಲ್ಲವನ್ನೂ ಜಮೆ ಮಾಡುವ ಈ ಚಾಳಿ ನಮ್ಮ ಊರಿಗಷ್ಟೇ ಸೀಮಿತವಲ್ಲ. ‘ಹೌಂಡ್ ಡಾಗ್’ ಹಾಡನ್ನು 1952ರಲ್ಲಿ ಮೊದಲು ಮುದ್ರಿಸಿದವರು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿ; ತನ್ನ ಮನೆಯಲ್ಲಿ ಬಿಟ್ಟಿ ಕೂಳಿಗೆ ಬಿದ್ದಿರುವ ಗಂಡಸೊಬ್ಬನನ್ನು ಹೆಣ್ಣೊಬ್ಬಳು ಝಾಡಿಸಿ ಹೊರಹಾಕುವ ಹಾಡದು. 1953ರಲ್ಲಿ ಅದು ಕಪ್ಪು ಕೇಳುಗರ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ವಾರಗಟ್ಟಲೆ ಮೊದಲ ಸ್ಥಾನದಲ್ಲಿತ್ತು. 1956ರಲ್ಲಿ ಎಲ್ವಿಸ್ ಹಾಡುವ ಹೊತ್ತಿಗೆ ಮಾತುಗಳು ಬದಲಾಗಿ, ಆ ಗಂಡಸು ಮಾಯವಾಗಿ, ನಿಜವಾದ ನಾಯಿಯೊಂದೇ ಉಳಿದಿತ್ತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದವರಿಗೆ ಸಿಗುವ ಸ್ವಾರಸ್ಯ ಒಂದನ್ನೇ ಕೇಳಿದವರಿಗೆ ಸಿಗುವುದಿಲ್ಲ. ಎಲ್ವಿಸ್ ಅವರನ್ನು ಸಣ್ಣವರನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ, ಅವರ ದನಿಗೆ ನಾನೂ ಸೋತವನೇ. ಆದರೆ 1954ರ ಜುಲೈನಲ್ಲಿ ಮೆಂಫಿಸ್ ನಗರದ ಸನ್ ಸ್ಟುಡಿಯೋದಲ್ಲಿ ಅವರು ಹಾಡಿದ ಮೊದಲ ಪ್ಲೇಟಿನ ಹಾಡು ಕೂಡ ಆರ್ಥರ್ ಕ್ರೂಡಪ್ ಎಂಬ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ) ಗಾಯಕರದು ಎಂದು ಒಂದು ಸಾಲು ಸೇರಿಸುವುದರಿಂದ ಯಾರ ಗಂಟೂ ಹೋಗುವುದಿಲ್ಲ.

ಅದೇ ಮೆಂಫಿಸ್‌ನ ಸನ್ ಸ್ಟುಡಿಯೋದ ಒಡೆಯ ಸ್ಯಾಮ್ ಫಿಲಿಪ್ಸ್ ಅವರ ಕೋಣೆಯಲ್ಲಿ 1951ರಲ್ಲಿ ಮುದ್ರಣವಾದ ‘ರಾಕೆಟ್ 88’ ಅನ್ನು ಹಲವರು ಮೊದಲ ರಾಕ್ ಅಂಡ್ ರೋಲ್ ಪ್ಲೇಟೆಂದು ಕರೆಯುತ್ತಾರೆ. ಅದರಲ್ಲಿ ಗಿಟಾರಿನ ದನಿ ಗೊರಗೊರ ಎನ್ನುತ್ತದೆ. ದಾರಿಯಲ್ಲಿ ಆಂಪ್ಲಿಫೈಯರ್ ಪೆಟ್ಟು ತಿಂದು ಒಳಗಿನ ಸ್ಪೀಕರಿನ ಹಾಳೆ ಹರಿದಿತ್ತು, ಬೇರೆ ತರಿಸಲು ಸಮಯವಿಲ್ಲದೆ ಅದರೊಳಗೆ ಕಾಗದ ತುರುಕಿ ಕೆಲಸ ಮುಗಿಸಿದರು. ತುರುಕಿದ್ದು ಹಳೆಯ ಪತ್ರಿಕೆಯ ಹಾಳೆಗಳನ್ನು ಎಂದು ಹೇಳುವವರಿದ್ದಾರೆ. ಪತ್ರಿಕೆಗಳು ಸಂಗೀತಕ್ಕೆ ಮಾಡಿದ ಸೇವೆಯ ಪಟ್ಟಿಗೆ ತಾವು ಇದನ್ನೂ ಸೇರಿಸಿಕೊಳ್ಳಬಹುದು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ: ಪ್ಲೇಟಿನ ಮೇಲೆ ಅಚ್ಚಾದ ಹೆಸರು ಜ್ಯಾಕಿ ಬ್ರೆನ್‌ಸ್ಟನ್ ಮತ್ತು ಅವರ ಡೆಲ್ಟಾ ಕ್ಯಾಟ್ಸ್ ಎಂದು, ಆದರೆ ತಂಡ ಇದ್ದದ್ದು ಐಕ್ ಟರ್ನರ್ ಅವರದು. ಅಂದರೆ ಮುದ್ರಿತ ಹೆಸರನ್ನು ನೋಡಿ ಬರೆದರೂ ಸಾಲದು, ಅದರ ಹಿಂದೊಂದು ವಿಚಾರಣೆ ಬೇಕು. ಪುಸ್ತಕದ ಮುಖಪುಟವನ್ನಷ್ಟೇ ನೋಡಿ ಲೇಖಕರ ಹೆಸರು ಬರೆಯಬಾರದೆಂದು ನಮಗೆ ಕಲಿಸಿದ್ದು ಇದಕ್ಕಾಗಿಯೇ.

ಅಂತರ್ಜಾಲದ ವಿಚಿತ್ರ ತುಣುಕುಗಳಿಗೂ ಇದೇ ಮಾತು. ಕಳೆದ ಮಳೆಗಾಲದಲ್ಲಿ ಬಳಗಕ್ಕೆ ಒಂದು ವಿಡಿಯೋ ಬಂತು. ಮಳೆಯಲ್ಲಿ ನೆನೆದ ರೈಲು ನಿಲ್ದಾಣ. ಕುದುರೆ ಗಾಡಿಯಿಂದ ಇಳಿದ ಕೋಟುಧಾರಿ ಕಪ್ಪು ಹೆಂಗಸೊಬ್ಬರು ಬಿಳಿಯ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಿಕೊಂಡು, ತಂತಿಯ ಮೇಲೆ ಒಮ್ಮೆ ಕೈಯಾಡಿಸಿ, ಮಳೆಯ ಬಗ್ಗೆಯೇ ಇರುವ ಭಕ್ತಿಗೀತೆಯನ್ನು ಎತ್ತಿಕೊಳ್ಳುತ್ತಾರೆ. ಹಳಿಯ ಆಚೆಯ ಪ್ಲಾಟ್‌ಫಾರ್ಮಿನಲ್ಲಿ ಕುಳಿತ ಹುಡುಗ ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ. ‘ರೈಲು ತಡವಾದಾಗ ಅಮೆರಿಕದ ಅಜ್ಜಿಯ ಗಮ್ಮತ್ತು’ ಎಂದು ಯಾರೋ ಶೀರ್ಷಿಕೆ ಕೊಟ್ಟಿದ್ದರು. ಅದು ಅಮೆರಿಕವೇ ಅಲ್ಲ. 1964ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ, ಬಳಕೆ ನಿಂತಿದ್ದ ನಿಲ್ದಾಣವೊಂದನ್ನು ಅಮೆರಿಕದ ದಕ್ಷಿಣ ಸೀಮೆಯ ನಿಲ್ದಾಣದಂತೆ ಸಿಂಗರಿಸಿ ಗ್ರಾನಡಾ ಟೆಲಿವಿಷನ್ನಿನವರು ಮಾಡಿದ ಕಾರ್ಯಕ್ರಮವದು. ಆ ‘ಅಜ್ಜಿ’ಗೆ ಆಗ ಇನ್ನೂ ಐವತ್ತು ತುಂಬಿರಲಿಲ್ಲ, ಅವರು ಸಿಸ್ಟರ್ ರೊಸೆಟಾ ಥಾರ್ಪ್. ಚರ್ಚಿನ ಹಾಡಿಗೆ ಎಲೆಕ್ಟ್ರಿಕ್ ಗಿಟಾರ್ ಜೋಡಿಸಿ 1944ರಲ್ಲೇ ಅವರು ಮುದ್ರಿಸಿದ ಹಾಡನ್ನು ಕೇಳಿದರೆ ರಾಕ್ ಅಂಡ್ ರೋಲಿನ ಮುಕ್ಕಾಲು ಪಾಲು ಅಲ್ಲಿಯೇ ಇದೆ. 1973ರಲ್ಲಿ ತೀರಿಕೊಂಡ ಅವರನ್ನು ಅಮೆರಿಕದ ರಾಕ್ ಅಂಡ್ ರೋಲ್ ಗೌರವ ಮಂದಿರಕ್ಕೆ ಸೇರಿಸಿಕೊಂಡದ್ದು 2018ರಲ್ಲಿ. ಶೀರ್ಷಿಕೆ ಸರಿಯಾಗಿದ್ದಿದ್ದರೆ ನಮ್ಮ ಬಳಗದವರು ನಕ್ಕು ಮುಂದೆ ತಳ್ಳುವ ಬದಲು ಅವರ ಇನ್ನೊಂದು ಹಾಡನ್ನು ಹುಡುಕುತ್ತಿದ್ದರು. ನಾನು ವಿವರ ಬರೆದ ಮೇಲೆ ಹಾಗೆಯೇ ಆಯಿತು ಕೂಡ.

ನಮ್ಮವೇ ತುಣುಕುಗಳು ಹೊರಗೆ ಹೋಗಿ ಬೇರೆಯವರ ಕೈಯಲ್ಲಿ ‘ವಿಚಿತ್ರ’ ಆದ ಉದಾಹರಣೆಗಳೂ ಇವೆ. 1965ರ ‘ಗುಮ್‌ನಾಮ್’ ಸಿನಿಮಾದಲ್ಲಿ ಶಂಕರ್–ಜೈಕಿಶನ್ ಸಂಗೀತಕ್ಕೆ ಮೊಹಮ್ಮದ್ ರಫಿ ಹಾಡಿದ ‘ಜಾನ್ ಪೆಹಚಾನ್ ಹೋ’, ಕಣ್ಣಿಗೆ ಮುಖವಾಡ ಕಟ್ಟಿಕೊಂಡವರ ಆ ಹುಚ್ಚು ಕುಣಿತ, 2001ರಲ್ಲಿ ಅಮೆರಿಕದ ಸಿನಿಮಾವೊಂದರ ಆರಂಭದಲ್ಲಿ ಕಾಣಿಸಿಕೊಂಡ ಬಳಿಕ ಅಲ್ಲಿನ ಹಳೆಯ ಹಾಡಿನ ಪ್ರಿಯರ ಕಣ್ಮಣಿಯಾಯಿತು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕಾಗಿ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಡಾ. ರಾಜ್‌ಕುಮಾರ್ ಅವರು ಹಾಡಿದ ಇಂಗ್ಲಿಷ್ ಹಾಡಂತೂ ಕನ್ನಡ ಬಾರದವರ ಫೋನುಗಳಲ್ಲೂ ತಿರುಗಾಡಿದೆ. ಹಾಡಿದವರು ಯಾರು, ಅವರು ಕನ್ನಡಕ್ಕೆ ಏನು ಎಂಬುದು ತಿಳಿಯದೆ ಅದನ್ನು ಬರೀ ತಮಾಷೆಯಾಗಿ ನೋಡಿದಾಗ ನಮಗೆ ಹೇಗೆ ಚುರುಕ್ಕೆನ್ನುತ್ತದೆಯೋ, ಥಾರ್ಪ್ ಅವರನ್ನು ‘ಅಜ್ಜಿಯ ಗಮ್ಮತ್ತು’ ಎಂದಾಗ ಅವರ ಕಡೆಯವರಿಗೂ ಹಾಗೆಯೇ ಅನ್ನಿಸದೆ ಇರುತ್ತದೆಯೇ?

ಸಣ್ಣ ವಿವರಗಳು ಎಷ್ಟು ದೂರ ಕೊಂಡೊಯ್ಯುತ್ತವೆ ಎಂಬುದಕ್ಕೆ ಒಂದು ಜರ್ಮನ್ ಉದಾಹರಣೆ. 1980ರ ದಶಕದಲ್ಲಿ ಅಲ್ಲಿನ ರೇಡಿಯೋದಿಂದ ಹುಡುಗನೊಬ್ಬ ಕ್ಯಾಸೆಟ್ಟಿಗೆ ಇಳಿಸಿಕೊಂಡ ರಾಕ್ ಹಾಡೊಂದರ ಗುರುತು ಯಾರಿಗೂ ಸಿಗಲಿಲ್ಲ. 2007ರಲ್ಲಿ ಆತನ ಸಹೋದರಿ ಅದನ್ನು ಅಂತರ್ಜಾಲಕ್ಕೆ ಹಾಕಿದ ಮೇಲೆ, ಯಾವ ರೇಡಿಯೋ ಕೇಂದ್ರ, ಕ್ಯಾಸೆಟ್ಟಿನ ಆಚೀಚೆ ಯಾವ ಹಾಡುಗಳಿದ್ದವು ಎಂಬ ಸುಳಿವುಗಳನ್ನೇ ಹಿಡಿದು ಸಾವಿರಾರು ಅಪರಿಚಿತರು ಹುಡುಕಿದರು. ಕೊನೆಗೆ 2024ರ ನವೆಂಬರಿನಲ್ಲಿ ಅದು ಕೀಲ್ ನಗರದ ಫೆಕ್ಸ್ ಎಂಬ ತಂಡದ್ದೆಂದು ಪತ್ತೆಯಾಯಿತು. ‘ಹಳೆ ಹಾಡು, ಸೂಪರ್’ ಎಂದಷ್ಟೇ ಬರೆದು ಹಾಕಿದ್ದರೆ ಈ ಶೋಧ ಮೊದಲ ವಾರಕ್ಕೇ ಸತ್ತು ಹೋಗುತ್ತಿತ್ತು.

ಇದಕ್ಕಿಂತ ದೊಡ್ಡ ಮಾದರಿ ಬಾಹ್ಯಾಕಾಶದಲ್ಲಿದೆ. 1977ರಲ್ಲಿ ಅಮೆರಿಕ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಾಮ್ರದ ಪ್ಲೇಟುಗಳಿವೆ. ಅವುಗಳಲ್ಲಿ ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರಿ 1958ರಲ್ಲಿ ಹಾಡಿದ ‘ಜಾನಿ ಬಿ. ಗುಡ್’ ಇದೆ, ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆ, ಐವತ್ತೈದು ಭಾಷೆಗಳ ಶುಭಾಶಯಗಳ ನಡುವೆ ಕನ್ನಡದ ಶುಭಾಶಯವೂ ಇದೆ. ಪ್ಲೇಟನ್ನು ಕಳಿಸಿದವರು ಜೊತೆಗೆ ಸೂಜಿಯನ್ನೂ ಇಟ್ಟು, ಯಾವ ವೇಗದಲ್ಲಿ ತಿರುಗಿಸಬೇಕು, ಸೂಜಿಯನ್ನು ಎಲ್ಲಿ ಇಡಬೇಕು, ಈ ಪ್ಲೇಟು ಬಂದದ್ದು ಯಾವ ದಿಕ್ಕಿನಿಂದ ಎಂಬುದನ್ನು ಯಾವ ಭಾಷೆಯೂ ಬಾರದವರಿಗೆ ತಿಳಿಯುವಂತೆ ಹೊದಿಕೆಯ ಮೇಲೆ ಚಿತ್ರವಾಗಿ ಕೊರೆದಿದ್ದಾರೆ. ನಂಟಿಲ್ಲ ಎಂದು ಬರೆದ ಓದುಗರು ಈ ಕನ್ನಡದ ದನಿ ರಾಕ್ ಅಂಡ್ ರೋಲಿನ ಜೊತೆ ಒಂದೇ ಪ್ಲೇಟಿನಲ್ಲಿ ಪ್ರಯಾಣ ಮಾಡುತ್ತಿರುವುದನ್ನು ದಯವಿಟ್ಟು ಗಮನಿಸಬೇಕು.

ಈಚೆಗೆ ಹೊಸ ತಲೆನೋವೊಂದು ಸೇರಿಕೊಂಡಿದೆ. ಕೃತಕ ಬುದ್ಧಿಮತ್ತೆಯಿಂದ ನಿನ್ನೆ ಮೊನ್ನೆ ತಯಾರಿಸಿದ ಹಾಡಿಗೆ ಕರಕರ ಸದ್ದು ಸೇರಿಸಿ, ‘1950ರ ದಶಕದ ಕಳೆದುಹೋದ ಪ್ಲೇಟು’ ಎಂದು ಹಂಚುತ್ತಿದ್ದಾರೆ. ಕಿವಿಯಿಂದ ಕಂಡುಹಿಡಿಯುವುದು ಕಷ್ಟ. ನಿಜವಾದ ಪ್ಲೇಟಿಗೆ ಕಂಪನಿಯ ಹೆಸರು, ಕ್ರಮಾಂಕ, ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಕೊರೆದ ಇನ್ನೊಂದು ಸಂಖ್ಯೆ ಇರುತ್ತವೆ. ಹಂಚುವವರನ್ನು ಅವುಗಳಲ್ಲಿ ಒಂದನ್ನಾದರೂ ಕೇಳಿದರೆ ಹೆಚ್ಚಿನ ಸುಳ್ಳುಗಳು ಅಲ್ಲಿಗೇ ನಿಲ್ಲುತ್ತವೆ.

ಮನೆಯ ಅಟ್ಟದಲ್ಲಿ ಪ್ಲೇಟುಗಳಿರುವವರಿಗೆ ಎರಡು ಮಾತು. ಬಳ್ಳಾರಿಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಟ್ರಂಕಿನಲ್ಲಿಟ್ಟ ಎಲ್‌ಪಿಗಳು ಹಪ್ಪಳದಂತೆ ಸೊಟ್ಟಗಾಗುತ್ತವೆ. ಅವನ್ನು ತಂಪಾದ ಕೋಣೆಯಲ್ಲಿ, ಒಂದರ ಮೇಲೊಂದು ಪೇರಿಸದೆ, ನೆಟ್ಟಗೆ ನಿಲ್ಲಿಸಿಡಬೇಕು. ನಮ್ಮ ಕೆಂಪು ಅದಿರಿನ ಧೂಳು ಗೆರೆಗಳಲ್ಲಿ ಕೂತರೆ ಸೂಜಿ ಅದನ್ನೇ ಅರೆದು ಗೆರೆಯನ್ನು ತಿನ್ನುತ್ತದೆ. ಧೂಳು ತೆಗೆಯಲು ಕೆಲವರು ಸ್ಪಿರಿಟ್ ಬಳಸುತ್ತಾರೆ, ಅರಗಿನ ಪ್ಲೇಟಿಗೆ ಇದು ವಿಷ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯನ್ನು ಗೆರೆಯ ದಿಕ್ಕಿನಲ್ಲೇ ಆಡಿಸಿದರೆ ಸಾಕು. ಎಪ್ಪತ್ತೆಂಟರ, ಅಂದರೆ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಹಳೆಯ ಪ್ಲೇಟಿನ ಗೆರೆ ಅಗಲವಾದದ್ದು, ಎಲ್‌ಪಿಯ ಸೂಜಿ ಅದರ ತಳಕ್ಕೆ ಬಿದ್ದು ಬರೀ ಕಸದ ಸದ್ದನ್ನು ಎತ್ತುತ್ತದೆ. ಅದಕ್ಕೆ ಸುಮಾರು ಮೂರು ಪಟ್ಟು ದಪ್ಪ ತುದಿಯ ಬೇರೆ ಸೂಜಿಯೇ ಬೇಕು. ಇಂಗ್ಲೆಂಡಿನಲ್ಲಿ ಎಪ್ಪತ್ತೆಂಟರ ಕಾಲ ಮುಗಿದ ಮೇಲೂ, 1960ರ ದಶಕದಲ್ಲಿ ಬೀಟಲ್ಸ್ ತಂಡದ ಹಾಡುಗಳು ನಮ್ಮ ದೇಶದಲ್ಲಿ ಎಪ್ಪತ್ತೆಂಟರ ಪ್ಲೇಟಾಗಿ ಅಚ್ಚಾದವು, ಇಂದು ಹೊರದೇಶದ ಸಂಗ್ರಾಹಕರು ಅವನ್ನು ದುರ್ಬೀನು ಹಾಕಿ ಹುಡುಕುತ್ತಾರೆ. ಹಾಗಾಗಿ ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ನೋಡಿ.

ಕಾನೂನಿನ ಮಾತನ್ನೂ ಹಾರಿಸುವಂತಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ನಂತರ 60 ವರ್ಷ ಇರುತ್ತದೆ. ಆದರೆ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬರೆದವರ ಜೀವಿತಾವಧಿಯ ಮೇಲೆ ಇನ್ನೂ 60 ವರ್ಷ. ಚಕ್ ಬೆರಿ ತೀರಿಕೊಂಡದ್ದು 2017ರಲ್ಲಿ, ಲೆಕ್ಕ ಹಾಕಿಕೊಳ್ಳಬಹುದು. ಅಮೆರಿಕದಲ್ಲಂತೂ 2018ರ ಕಾಯ್ದೆಯ ಪ್ರಕಾರ 1947ರಿಂದ 1956ರವರೆಗಿನ ಧ್ವನಿಮುದ್ರಣಗಳಿಗೆ 110 ವರ್ಷಗಳ ರಕ್ಷಣೆ. ಅರಗಿನ ಪ್ಲೇಟುಗಳನ್ನು ಲಕ್ಷಗಟ್ಟಲೆ ಡಿಜಿಟಲ್ ಮಾಡಿದ ಇಂಟರ್ನೆಟ್ ಆರ್ಕೈವ್ ಎಂಬ ಅಂತರ್ಜಾಲ ಗ್ರಂಥಾಲಯದ ಮೇಲೆಯೇ 2023ರಲ್ಲಿ ಕಂಪನಿಗಳು ದಾವೆ ಹೂಡಿದವು. ಆದ್ದರಿಂದ ಇಡೀ ಹಾಡನ್ನು ಫೈಲಾಗಿ ಊರಿಗೆಲ್ಲ ಹಂಚುವುದಕ್ಕಿಂತ, ಹಕ್ಕುದಾರರೇ ಹಾಕಿರುವ ಕಡೆಯ ಕೊಂಡಿಯನ್ನು ಕಳಿಸಿ, ಕೆಳಗೆ ಹಾಡಿದವರು, ನುಡಿಸಿದವರು, ಕಂಪನಿ, ವರ್ಷ, ಊರು ಇಷ್ಟನ್ನು ಕನ್ನಡದಲ್ಲಿ ಬರೆಯುವುದೇ ಲೇಸು. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ’ ಎಂದೇ ಬರೆಯಲಿ. ಮನೆಯ ಪ್ಲೇಟಿನಿಂದ ತಾವೇ ಇಳಿಸಿಕೊಂಡ ಹಳೆಯ ಧ್ವನಿಯಾದರೆ, ಹಕ್ಕಿನ ತೊಡಕಿಲ್ಲವೆಂದು ಖಚಿತಪಡಿಸಿಕೊಂಡು ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಕಡತಕ್ಕೆ ಇಟ್ಟ ಹೆಸರು ಹಾಗೆಯೇ ಉಳಿಯುತ್ತದೆ. ಸ್ಟೇಟಸ್ಸಿಗೆ ಹೊಂದಿಸಲು ತಲೆ ಬಾಲ ಕತ್ತರಿಸುವವರು ಕನಿಷ್ಠ ‘ಇದು ತುಣುಕು’ ಎಂದಾದರೂ ನಮೂದಿಸಬೇಕು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ವಾರದ ಪುರವಣಿಯಲ್ಲಿ ಕಾಲು ಪುಟದಷ್ಟು ಜಾಗವನ್ನು ಓದುಗರ ಇಂಥ ಹುಡುಕಾಟಕ್ಕೆ ಬಿಟ್ಟುಕೊಡಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಹಳೆಯ ಮೈಕ್‌ಸೆಟ್ ಅಂಗಡಿಯವರ ಪೆಟ್ಟಿಗೆಗಳಲ್ಲಿರುವ ಪ್ಲೇಟುಗಳ ನಡುವಿನ ಕಾಗದದ ಚಿತ್ರ ಪ್ರಕಟಿಸಿ, ಗೊತ್ತಿದ್ದವರು ವಿವರ ತಿಳಿಸಲಿ. ವಿದೇಶಿ ಹಾಡಾದರೂ ಸರಿ, ಕಂಪನಿ ನಾಟಕದ ಹಾಡಾದರೂ ಸರಿ, ನಿಯಮ ಒಂದೇ ಇರಲಿ. ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ಜಿಲ್ಲಾ ಗ್ರಂಥಾಲಯದ ಒಂದು ಕೋಣೆಯಲ್ಲಿ ಇವನ್ನು ಕೂತು ಕೇಳುವ ಏರ್ಪಾಡಾದರೆ, ಫೋನಿನ ಸಣ್ಣ ಸ್ಪೀಕರಿನಲ್ಲಷ್ಟೇ ಈ ಹಾಡುಗಳನ್ನು ಕೇಳಿರುವ ಹುಡುಗರಿಗೆ ತಂತಿವಾದ್ಯದ ಮಂದ್ರದ ದನಿ ಹೇಗಿರುತ್ತದೆಂಬುದೂ ತಿಳಿಯುತ್ತದೆ. ಅದಕ್ಕೆ ನನ್ನ ಪ್ಲೇಯರನ್ನೂ, ಪಟ್ಟಿ ಬರೆಯಲು ನನ್ನ ಸಮಯವನ್ನೂ ಕೊಡಲು ಸಿದ್ಧನಿದ್ದೇನೆ. ಎಪ್ಪತ್ತೆಂಟರ ಸೂಜಿಯೊಂದನ್ನು ಮಾತ್ರ ಗ್ರಂಥಾಲಯದವರೇ ತರಿಸಿಕೊಳ್ಳಬೇಕಾಗುತ್ತದೆ, ನನ್ನದು ಸವೆದಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗ್ರಂಥಪಾಲಕ
ಕೌಲ್ ಬಜಾರ್, ಬಳ್ಳಾರಿ